ಮಗನ ಸಾಲಕ್ಕೆ ಅಮ್ಮನ ಅವಲಕ್ಕಿ ಸರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಮಗನಿಗೆ 25 ವರ್ಷ, ಬೆಂಗಳೂರಿನಲ್ಲಿ ಕೆಲಸ, ಕೈಗೆ 28 ಸಾವಿರ ಬರುತ್ತದೆ. ಕಳೆದ ತಿಂಗಳು ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂತಿರುವಾಗ ನಮ್ಮನೆಯವರಿಗೆ ಯಾರೋ ಫೋನ್ ಮಾಡಿ, 'ನಿಮ್ಮ ಮಗ ಸಾಲ ಕಟ್ಟಿಲ್ಲ, ನೀವು ಕಟ್ತೀರೋ ಇಲ್ವೋ' ಎಂದು ಕೂಗಾಡಿದರು. ಆಮೇಲೆ ವಿಷಯ ಹೊರಬಂತು. ಕ್ರೆಡಿಟ್ ಕಾರ್ಡಿನಲ್ಲಿ 1,40,000, ಮೊಬೈಲ್ ಆ್ಯಪ್‌ಗಳಲ್ಲಿ 85,000, ಸ್ನೇಹಿತನ ಹತ್ತಿರ 30,000. ಬೈಕಿನ ಕಂತು ಬೇರೆ. ನಮ್ಮನೆಯವರು 'ಮಾಡಿದವನೇ ತೀರಿಸಲಿ' ಅಂತಾರೆ. ಮಗ ಫೋನಿನಲ್ಲಿ ಅಳುತ್ತಾನೆ. ತವರಿನಲ್ಲಿ ಕೊಟ್ಟ ಚಿನ್ನದ ಅವಲಕ್ಕಿ ಸರ ಇದೆ, ಮಗಳ ಮದುವೆಗೆ ಎಂದು ಇಟ್ಟಿದ್ದೆ. ಅವರಿಗೆ ಹೇಳದೆ ಅದನ್ನು ಅಡ ಇಟ್ಟು ಕೊಡಲಾ? ಇಲ್ಲಾ, ಸೊಸೈಟಿಯ ಬೆಳೆ ಸಾಲಕ್ಕೆ ಬಡ್ಡಿ ಇಲ್ಲವಲ್ಲ, ಅದನ್ನು ತೆಗೆದುಕೊಡಲಾ? ಮಗಳು ಬಿ.ಎಡ್. ಓದುತ್ತಿದ್ದಾಳೆ.
(ಹೆಸರು ಬೇಡ, ತೀರ್ಥಹಳ್ಳಿ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ 'ಅವರಿಗೆ ಹೇಳದೆ' ಎನ್ನುವಲ್ಲಿ ನಿಂತೆ. ಯಾಕೆಂದರೆ ನಾನೂ ಹಾಗೇ ಮಾಡಿದವಳು.

2018ರ ಮಾತು. ನನ್ನ ಮಗನಿಗೆ ಆಗ 24. ನಾನಿನ್ನೂ ಬ್ಯಾಂಕಿನಲ್ಲೇ ಇದ್ದೆ, ದಿನವಿಡೀ ಬೇರೆಯವರ ಸಾಲದ ಕಾಗದ ನೋಡುವ ಕೆಲಸ. ಒಂದು ರಾತ್ರಿ ಅವನ ಫೋನ್ ಬಂತು. ಕಾರ್ಡಿನಲ್ಲಿ 62 ಸಾವಿರ ಬಾಕಿ, ಕಟ್ಟೋಕೆ ಆಗ್ತಿಲ್ಲ ಅಂದ. ಮಾರನೇ ದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹಣ ಹಾಕಿದೆ. 'ಅಪ್ಪನಿಗೆ ಹೇಳಬೇಡ, ಬೇಜಾರು ಮಾಡ್ಕೊಳ್ತಾರೆ' ಅಂತ ನಾನೇ ಹೇಳಿಕೊಟ್ಟೆ. ಹನ್ನೊಂದು ತಿಂಗಳು ಕಳೆಯಿತು. ಬಾಕಿ 1,90,000 ಆಗಿತ್ತು.

ಹೇಗಾಯ್ತು ಎಂದು ಅವನೇ ಆಮೇಲೆ ಹೇಳಿದ. 'ಅಮ್ಮ, ನೀನು ಕಟ್ಟಿದ ದಿನ ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಬಂತು. ಬೆಳಿಗ್ಗೆ ಎದ್ದು ನೋಡಿದ್ರೆ ಕಾರ್ಡಿನ ಲಿಮಿಟ್ ಪೂರ್ತಿ ವಾಪಸ್ ಬಂದಿತ್ತು.' ಆ ಮಾತನ್ನು ನಾನು ಮರೆತಿಲ್ಲ. ನಾನು ಸಾಲ ತೀರಿಸಿದೆ ಎಂದುಕೊಂಡಿದ್ದೆ. ನಿಜವಾಗಿ ಅವನ ಕೈಗೆ ಮತ್ತೆ 62 ಸಾವಿರ ಖರ್ಚು ಮಾಡಲು ಕೊಟ್ಟಿದ್ದೆ. ನನ್ನ ಯಜಮಾನರಿಗೆ ವಿಷಯ ತಿಳಿದಾಗ ಅವರು ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. 'ತಾಯಿ ಮಗ ಸೇರಿ ನನ್ನನ್ನ ಹೊರಗಿಟ್ರಿ' ಅಂದರು. ಅಷ್ಟೇ. ಎರಡು ದಿನ ಊಟಕ್ಕೆ ಕೂತಾಗ ಮುಖ ಎತ್ತಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮಗನಿಗೆ ಸಹಾಯ ಮಾಡಿ. ಗುಟ್ಟಾಗಿ ಮಾತ್ರ ಮಾಡಬೇಡಿ.

ಇನ್ನೊಂದು ವಿಷಯ. ಗುಟ್ಟು ಉಳಿಯುವುದೂ ಇಲ್ಲ. ತೊಂಬತ್ತರ ದಶಕದಲ್ಲಿ ನಾನು ಹೊಸನಗರದ ಕಡೆ ಒಂದು ಶಾಖೆಯಲ್ಲಿದ್ದೆ. ಮಳೆಗಾಲದ ಒಂದು ದಿನ ಒಬ್ಬ ತಾಯಿ ಬಂದರು. ಸೀರೆ ಮೊಣಕಾಲಿನವರೆಗೂ ಒದ್ದೆ. ಸೆರಗಿನ ಗಂಟು ಬಿಚ್ಚಿ ನಾಲ್ಕು ಬಳೆ ಮೇಜಿನ ಮೇಲೆ ಇಟ್ಟರು. ಅಕ್ಕಸಾಲಿಗರು ಒರೆಗಲ್ಲಿಗೆ ಬಳೆ ಉಜ್ಜುವಾಗ ಆಕೆ ಆ ಕಡೆ ನೋಡಲಿಲ್ಲ, ಗೋಡೆ ನೋಡುತ್ತಾ ನಿಂತಿದ್ದರು. ಮಗನಿಗಾಗಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವರ್ಷ ತುಂಬಿತು, ಬಡ್ಡಿ ಕಟ್ಟಿರಲಿಲ್ಲ. ಬ್ಯಾಂಕಿನ ನೋಟಿಸ್ ಅಂಚೆಯಲ್ಲಿ ಮನೆಗೆ ಹೋಯಿತು. ಒಡೆದು ಓದಿದವರು ಗಂಡ. ಈಗ ನೋಟಿಸ್‌ವರೆಗೂ ಹೋಗಬೇಕಾಗಿಲ್ಲ, ಅದೇ ದಿನ ಎಸ್‌ಎಂಎಸ್ ಬರುತ್ತದೆ. ನಿಮ್ಮ ಖಾತೆಗೆ ಕೊಟ್ಟಿರುವ ನಂಬರ್ ಯಾರದ್ದು? ನಮ್ಮ ಕಡೆ ಹೆಚ್ಚಿನ ಹೆಂಗಸರ ಖಾತೆಗೆ ಯಜಮಾನರದ್ದೇ ನಂಬರ್ ಇರುತ್ತದೆ.

ನಿಮ್ಮ ಮನೆಯವರ ಬಗ್ಗೆ ಒಂದು ಮಾತು. ಅವರದ್ದು ಕಲ್ಲು ಮನಸ್ಸು ಎಂದು ನನಗೆ ಅನ್ನಿಸುವುದಿಲ್ಲ. ಕೊಳೆ ರೋಗ, ಎಲೆಚುಕ್ಕಿ ರೋಗ ಎರಡನ್ನೂ ಎದುರಿಸುತ್ತಾ ಮಲೆನಾಡಿನಲ್ಲಿ ತೋಟ ಉಳಿಸಿಕೊಂಡವರಿಗೆ ಒಂದೊಂದು ರೂಪಾಯಿಯ ಬೆಲೆ ಗೊತ್ತಿರುತ್ತದೆ. ಬೋರ್ಡೋ ದ್ರಾವಣ ಹೊಡೆಸಲು ಎಷ್ಟು ಆಯ್ತು, ಕೊನೆಗಾರನಿಗೆ ಎಷ್ಟು ಕೊಟ್ಟೆ ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಅಂಥವರಿಗೆ ಆಳುಗಳ ಎದುರು ಯಾರೋ ಹುಡುಗ ಫೋನಿನಲ್ಲಿ ಬೈದಿದ್ದಾನೆ. ಸಾಲದ ಮೊತ್ತಕ್ಕಿಂತ ಅದು ಜಾಸ್ತಿ ತಾಗಿದೆ. ಆ ನೋವು ಸ್ವಲ್ಪ ಇಳಿಯುವವರೆಗೆ ಅವರ ಹತ್ತಿರ ದುಡ್ಡಿನ ಮಾತು ಎತ್ತಬೇಡಿ. ಮೊದಲು ಈ ಎರಡು ವಿಷಯ ತಿಳಿಸಿ.

ಒಂದು, ಈ ಸಾಲಕ್ಕೆ ಅವರು ಹೊಣೆ ಅಲ್ಲ. ಮಗ 18 ದಾಟಿದವನು. ಅಪ್ಪ ಜಾಮೀನು ಸಹಿ ಹಾಕದಿದ್ದರೆ ಅಪ್ಪನ ತೋಟಕ್ಕಾಗಲೀ ಖಾತೆಗಾಗಲೀ ಯಾರೂ ಕೈ ಹಾಕುವಂತಿಲ್ಲ. ಎರಡು, ಹಾಗೆ ಫೋನ್ ಮಾಡಿ ಕೂಗಾಡಿದ್ದೇ ತಪ್ಪು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಸಾಲಗಾರನ ಮನೆಯವರನ್ನು ಅವಮಾನ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಾಲದ ಆ್ಯಪ್‌ಗಳು ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು ಎಂಬ ನಿಯಮವೂ ಅದೇ ವರ್ಷದ್ದು. ಮತ್ತೆ ಫೋನ್ ಬಂದರೆ ಜಗಳ ಬೇಡ. 'ನಾನು ಸಹಿ ಹಾಕಿಲ್ಲ. ನಿಮ್ಮ ಹೆಸರು, ಕಂಪನಿ ಹೆಸರು ಹೇಳಿ, ಬರ್ಕೊಳ್ತೀನಿ' ಎನ್ನಲಿ. ದಿನಾಂಕ, ಹೊತ್ತು, ನಂಬರ್ ಬರೆದಿಡಲಿ. ಮೊದಲು ಸಾಲ ಕೊಟ್ಟ ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಫೋಟೋ ತಿದ್ದಿ ಕಳಿಸುತ್ತೇವೆ ಅಂತೇನಾದರೂ ಬೆದರಿಸಿದರೆ ಕಾಯಬೇಡಿ, ಪೊಲೀಸರ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ.

ಈಗ ಮಗನ ವಿಷಯ. ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ. ರಾತ್ರಿ ಬಸ್ಸು ಹತ್ತಿ ಊರಿಗೆ ಬರಲಿ. ಸ್ನಾನ, ತಿಂಡಿ ಆಗಲಿ. ಆಮೇಲೆ ಜಗಲಿಯಲ್ಲಿ ನೀವು ಮೂವರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತುಕೊಳ್ಳಿ. ಅವನು ಮೊಬೈಲ್ ತೆಗೆದು ಒಂದೊಂದೇ ಆ್ಯಪ್ ತೆರೆಯಬೇಕು. ಬರೆಯುವುದು ಅವನ ಕೈಯಲ್ಲೇ ಆಗಬೇಕು: ಕೊಟ್ಟವರು ಯಾರು, ಅಸಲು ಎಷ್ಟು, ಬಡ್ಡಿ ಎಷ್ಟು, ಕಂತಿನ ತಾರೀಕು ಯಾವುದು. ಬರೆದು ಮುಗಿಸಿದ ಮೇಲೆ 'ಇನ್ನೇನಾದ್ರೂ ಇದ್ಯಾ?' ಎಂದು ಕೇಳಿ. ಇಲ್ಲ ಅಂತಾನೆ. ಕಾಫಿ ಕುಡಿದು ಮತ್ತೆ ಕೇಳಿ. ನನ್ನ ಮಗ ಮೂರನೇ ಸಲ ಕೇಳಿದಾಗ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ 'ಆಫೀಸಿನ ಒಬ್ಬರ ಹತ್ರ 15 ಸಾವಿರ' ಅಂದ. 31 ವರ್ಷ ಬ್ಯಾಂಕಿನಲ್ಲಿ ಇದನ್ನೇ ನೋಡಿದ್ದೇನೆ. ಜನ ಮೊದಲು ಹೇಳುವ ಮೊತ್ತ ಪೂರ್ತಿ ಮೊತ್ತ ಆಗಿರುವುದು ಕಡಿಮೆ. ಸುಳ್ಳು ಹೇಳಬೇಕು ಅಂತಲ್ಲ, ನಾಚಿಕೆ. ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಎಂದು ದಾಖಲೆ ಇಡುವ ಕಂಪನಿಗಳು ನಾಲ್ಕಿವೆ, ನಾಲ್ಕರಿಂದಲೂ ವರ್ಷಕ್ಕೊಮ್ಮೆ ಆ ದಾಖಲೆ, ಅಂದರೆ ಕ್ರೆಡಿಟ್ ರಿಪೋರ್ಟ್, ಪುಕ್ಕಟೆ ಸಿಗುತ್ತದೆ, ಸಿಬಿಲ್ ಅವುಗಳಲ್ಲಿ ಒಂದು. ಅದನ್ನೂ ಅಲ್ಲೇ ತೆಗೆಸಿ, ಪಟ್ಟಿಗೆ ತಾಳೆ ನೋಡಿ.

ಪಟ್ಟಿ ಮಾಡುವಾಗ ಇನ್ನೊಂದು ಪ್ರಶ್ನೆ ಮೆಲ್ಲಗೆ ಕೇಳಿ. ಆನ್‌ಲೈನ್ ರಮ್ಮಿ, ಬೆಟ್ಟಿಂಗ್ ಏನಾದರೂ ಇತ್ತಾ? ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿದ್ದಾರೆ. ಆದರೆ ಹಳೇ ಸಾಲ ಉಳಿದಿರುತ್ತದೆ, ಚಟವೂ ಉಳಿದಿರಬಹುದು. ಹೌದು ಅಂದರೆ ನನ್ನ ಉತ್ತರ ಪೂರ್ತಿ ಬದಲಾಗುತ್ತದೆ. ಆಗ ಮೊದಲು ವೈದ್ಯರು, ಆಮೇಲೆ ದುಡ್ಡು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೇ 'ಶಟ್' ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ನೀವೇ ಜೊತೆಗೆ ಹೋಗಿ.

ಅಂಥದ್ದು ಏನೂ ಇಲ್ಲ ಎಂದುಕೊಂಡು ಲೆಕ್ಕಕ್ಕೆ ಬರೋಣ.

ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3.5ರ ಆಸುಪಾಸು, ವರ್ಷಕ್ಕೆ ಶೇ. 42. 1,40,000ಕ್ಕೆ ತಿಂಗಳಿಗೆ 4,900 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 882 ರೂಪಾಯಿ. ಒಟ್ಟು 5,782. ಅಸಲಿನಲ್ಲಿ ಒಂದು ರೂಪಾಯಿಯೂ ಕಮ್ಮಿ ಆಗದೆ ಪ್ರತಿ ತಿಂಗಳು ಇಷ್ಟು ಹೋಗುತ್ತದೆ. ಹುಡುಗರು ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಎಂದು ಬರೆದಿರುವ ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿ ಸಮಾಧಾನ ಪಡುತ್ತಾರೆ. ಅದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಶುರು.

ಮಗನ ಸಂಬಳದಲ್ಲಿ ಪಿಜಿಗೆ 9,500, ಬೈಕಿನ ಕಂತಿಗೆ 4,800, ಓಡಾಟ, ಮೊಬೈಲು, ಸಣ್ಣಪುಟ್ಟದ್ದಕ್ಕೆ 3,700 ಎಂದು ನಾನು ಅಂದಾಜು ಹಾಕಿದ್ದೇನೆ. ಉಳಿಯುವುದು 10,000. ಅಂಕಿಗಳನ್ನು ನೀವು ಸರಿಮಾಡಿಕೊಳ್ಳಿ. ಈ ಹತ್ತು ಸಾವಿರ ಈಗ ಬಡ್ಡಿಗೂ ಆ್ಯಪ್‌ಗಳ ದಂಡಕ್ಕೂ ಹೋಗಿ ಕರಗುತ್ತಿದೆ. ಅದಕ್ಕೇ ಹುಡುಗ ಎಷ್ಟು ಕಟ್ಟಿದರೂ ನಿಂತಲ್ಲೇ ನಿಂತಿದ್ದಾನೆ.

ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ ಶೇ. 10 ಎಂದುಕೊಳ್ಳಿ. ಕಾರ್ಡು, ಆ್ಯಪ್ ಎರಡೂ ಸೇರಿ 2,25,000 ಚಿನ್ನದ ಮೇಲೆ ತೆಗೆದು, ಅವನು ತಿಂಗಳಿಗೆ 10,000 ಕಟ್ಟುತ್ತಾ ಹೋದರೆ 25 ತಿಂಗಳಿಗೆ ಮುಗಿಯುತ್ತದೆ. ಬರೀ ಲೆಕ್ಕ ನೋಡಿದರೆ ಇದೇ ಅಗ್ಗ. ನಿಮ್ಮ ಯೋಚನೆ ತಪ್ಪಲ್ಲ.

ಆದರೂ ನಾನು ಹಾಗೆ ಮಾಡಿ ಎನ್ನುವುದಿಲ್ಲ. ಪೂರ್ತಿ ಭಾರ ನಿಮ್ಮ ಕೊರಳಿಗೆ ಬಂದರೆ ಅವನ ತಲೆಯಿಂದ ಇಳಿದುಬಿಡುತ್ತದೆ. ನನ್ನ ಮಗನ ವಿಷಯದಲ್ಲಿ ಆಗಿದ್ದು ಅದೇ. ಎರಡನೇ ಸಲ ನಾವು ಬೇರೆ ದಾರಿ ಹಿಡಿದೆವು. ಅದನ್ನೇ ನಿಮಗೂ ಹೇಳುತ್ತೇನೆ. ಆ್ಯಪ್‌ಗಳ 85 ಸಾವಿರಕ್ಕೆ ಮಾತ್ರ ನೀವು ಚಿನ್ನ ಅಡ ಇಟ್ಟು ಸಹಾಯ ಮಾಡಿ. ಕಾರ್ಡು ಅವನದ್ದೇ ಆಗಿರಲಿ.

ಕಾರ್ಡಿನ ಬ್ಯಾಂಕಿಗೆ ಅವನೇ ಫೋನ್ ಮಾಡಿ ಬಾಕಿಯನ್ನು ಕಂತಿಗೆ ಬದಲಾಯಿಸಿಕೊಡಿ ಎಂದು ಕೇಳಬೇಕು. ವರ್ಷಕ್ಕೆ ಶೇ. 18ರ ಹಾಗೆ 24 ತಿಂಗಳಿಗೆ ಸಿಕ್ಕಿದರೆ ಕಂತು ಹತ್ತಿರ ಹತ್ತಿರ 7,000 ಬರುತ್ತದೆ. ಬಡ್ಡಿಯ ಭಾಗಕ್ಕೆ ಜಿಎಸ್‌ಟಿ ಸ್ವಲ್ಪ ಸೇರುತ್ತದೆ. ಅದೇ ಫೋನಿನಲ್ಲಿ ಲಿಮಿಟ್ ಇಳಿಸಲು ಹೇಳಬೇಕು, ಕಂತು ಮುಗಿದ ದಿನ ಕಾರ್ಡ್ ಮುಚ್ಚಿಸಬೇಕು. ಇದು ಬಹಳ ಮುಖ್ಯ, ನನಗೆ ಮೊದಲ ಸಲ ಹೊಳೆಯದೇ ಹೋಗಿದ್ದು ಇದೇ. ಉಳಿದ 3,000 ನಿಮ್ಮ ಚಿನ್ನದ ಸಾಲಕ್ಕೆ. 85 ಸಾವಿರ ತೀರಲು ಎರಡೂಮುಕ್ಕಾಲು ವರ್ಷ ಹಿಡಿಯುತ್ತದೆ. ಕಾರ್ಡಿನ ಕಂತು ಮುಗಿದ ಮೇಲೆ ಜಾಸ್ತಿ ಕಟ್ಟಿದರೆ ಇನ್ನೂ ಬೇಗ. ವರ್ಷ ತುಂಬಿದಾಗ ಬಡ್ಡಿ ಕಟ್ಟಿ ಸಾಲ ಮುಂದುವರಿಸುವುದು ಹೇಗೆ ಎಂದು ಅಡ ಇಡುವಾಗಲೇ ಕೇಳಿಟ್ಟುಕೊಳ್ಳಿ. ಸ್ನೇಹಿತನ 30 ಸಾವಿರಕ್ಕೆ ಅವನೇ ಹೋಗಿ ಮುಖ ತೋರಿಸಿ ಗಡುವು ಕೇಳಲಿ. ಬಡ್ಡಿ ಇಲ್ಲದ ಸಾಲ ಅಂತ ಅದನ್ನು ಕೊನೆಗೆ ದೂಡಬಾರದು, ಬೋನಸ್ ಬಂದ ತಿಂಗಳು ಮೊದಲು ಅದೇ ಹೋಗಲಿ.

85 ಸಾವಿರಕ್ಕಾದರೆ ಅವಲಕ್ಕಿ ಸರ ಬೇಕಾಗಲಿಕ್ಕಿಲ್ಲ ಅಲ್ವಾ? ಬಳೆ ಇದ್ದರೆ ಸಾಕು. ಮಗಳ ಮದುವೆಗೆ ಎಂದು ಇಟ್ಟ ಸರ ಅದು. ಅದನ್ನು ಅಡ ಇಟ್ಟರೆ ಅಣ್ಣನ ಸಾಲಕ್ಕೆ ತಂಗಿ ಜಾಮೀನಾದ ಹಾಗೆ. ಯಾವುದನ್ನು ಇಟ್ಟರೂ ಅವಳಿಗೂ ತಿಳಿಸಿ. ಬಿ.ಎಡ್. ಓದುವ ಹುಡುಗಿ, ಚಿಕ್ಕ ಮಗು ಅಲ್ಲ. ಅವಳ ಫೀಸಿನ ದುಡ್ಡಿಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ.

ಹಣ ಮಗನ ಕೈಗೂ ಬೇಡ, ವಸೂಲಿಯವನು ಕಳಿಸಿದ ಕ್ಯೂಆರ್ ಕೋಡಿಗೂ ಬೇಡ. ಸಾಲ ಕೊಟ್ಟ ಕಂಪನಿಯ ಖಾತೆಗೇ ನೇರವಾಗಿ ಹೋಗಬೇಕು. ಅದಕ್ಕೂ ಮೊದಲು ಆ ಆ್ಯಪ್‌ನ ಹಿಂದೆ ಬ್ಯಾಂಕೋ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಯೋ ಇದೆಯಾ ಎಂದು ನೋಡಿ. 2025ರ ಜುಲೈನಿಂದ ಅಂಥ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇದೆ. 'ಅರವತ್ತು ಪರ್ಸೆಂಟ್ ಕೊಡಿ, ಸೆಟ್ಲ್ ಮಾಡ್ತೀವಿ' ಎಂಬ ಮಾತಿಗೆ ಅವಸರದಲ್ಲಿ ಹೂಂ ಅನ್ನಬೇಡಿ. ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬೀಳುತ್ತದೆ. ನಾಳೆ ಅವನು ಮನೆ ಸಾಲಕ್ಕೆ ಹೋದಾಗ ನನ್ನಂಥ ಒಬ್ಬ ಅಧಿಕಾರಿ ಅದೇ ಶಬ್ದದ ಮೇಲೆ ಬೆರಳಿಟ್ಟು ಕೇಳುತ್ತಾರೆ. ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ. ಆಮೇಲೆ ಆ್ಯಪ್ ಅಳಿಸಲಿ.

ಬೆಳೆ ಸಾಲ ಬೇಡ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲ ಎನ್ನುವುದು ನಿಜ, ಆದರೆ ಗಡುವಿನೊಳಗೆ ಪೂರ್ತಿ ತೀರಿಸಿದರೆ ಮಾತ್ರ. ತಪ್ಪಿದರೆ ಬಡ್ಡಿ ಬೀಳುತ್ತದೆ, ಮುಂದಿನ ವರ್ಷದ ಸಾಲಕ್ಕೂ ತೊಡಕು. ಎರಡೂಮುಕ್ಕಾಲು ವರ್ಷದ ಸಾಲವನ್ನು ಒಂದು ವರ್ಷದ ದುಡ್ಡಿನಲ್ಲಿ ತೀರಿಸಲು ಹೋದರೆ ಮಳೆಗಾಲಕ್ಕೆ ಮೊದಲು ಔಷಧಿ ಹೊಡೆಸಲು ಕೈಯಲ್ಲಿ ಕಾಸಿರುವುದಿಲ್ಲ. ಅದು ತೋಟದ ದುಡ್ಡು. ತೋಟಕ್ಕೇ ಇರಲಿ.

ನನ್ನ ಮಗ 27 ತಿಂಗಳು ಕಟ್ಟಿದ. ಪ್ರತಿ ತಿಂಗಳು 5ನೇ ತಾರೀಕು ರಸೀದಿಯ ಫೋಟೋ ಕಳಿಸುತ್ತಿದ್ದ. ನನಗಲ್ಲ, ಅಪ್ಪನಿಗೆ. ಹಾಗೆ ಮಾಡು ಎಂದು ನಾನೇ ಹೇಳಿದ್ದೆ. ಮೊದಲು ಕೆಲವು ತಿಂಗಳು ಇವರು ನೋಡಿ ಸುಮ್ನಿರುತ್ತಿದ್ದರು. ಆಮೇಲೊಂದು ದಿನ 'ಊಟ ಆಯ್ತಾ' ಎಂದು ಉತ್ತರ ಕಳಿಸಿದ್ದು ಕಂಡೆ. ನಿಮ್ಮ ಮಗನೂ ರಸೀದಿಯನ್ನು ಅಪ್ಪನಿಗೇ ಕಳಿಸಲಿ.

ಪ್ರಶ್ನೆ: ಮಗ ವೈಯಕ್ತಿಕ ಸಾಲ 5 ಲಕ್ಷ ತೆಗೆಯುತ್ತಿದ್ದಾನೆ. ನಾನು ಜಾಮೀನು ಹಾಕಬೇಕಂತೆ. 'ಬರೀ ಸಹಿ ಅಷ್ಟೇ' ಅಂತಾನೆ. ಹಾಕಬಹುದಾ?
(ನಿವೃತ್ತ ಶಿಕ್ಷಕ, ಸಾಗರ)

ಉತ್ತರ: ಬರೀ ಸಹಿ ಎಂಬುದೇ ಇಲ್ಲ ಸರ್. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಸಾಮಾನ್ಯವಾಗಿ ಅಷ್ಟೇ. ಮೊದಲು ಮಗನನ್ನು ಕೇಳಿ, ಅವನಿಂದ ಆಗದಿದ್ದರೆ ಮಾತ್ರ ನಿಮ್ಮ ಹತ್ತಿರ ಬರಬೇಕು ಎಂದೇನಿಲ್ಲ. ಬ್ಯಾಂಕು ನೇರವಾಗಿ ನಿಮ್ಮನ್ನೇ ಕೇಳಬಹುದು. ಅವನ ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ಸ್ಕೋರೂ ಇಳಿಯುತ್ತದೆ. ಅವನು ಕಟ್ಟದಿದ್ದರೆ ನಾನೇ 5 ಲಕ್ಷ ಕಟ್ಟಬಲ್ಲೆ, ಕಟ್ಟಿದ ಮೇಲೂ ನನ್ನ ಮತ್ತು ಮನೆಯವರ ಔಷಧಿ, ಊಟಕ್ಕೆ ಪಿಂಚಣಿ ಸಾಕು ಎಂದು ಧೈರ್ಯ ಇದ್ದರೆ ಹಾಕಿ. ಇಲ್ಲದಿದ್ದರೆ ಆಗಲ್ಲ ಎಂದು ಹೇಳಿ. ಸಾಲ ಯಾತಕ್ಕೆ ಎಂದು ನೀವು ಬರೆದಿಲ್ಲ. ಬಹುಶಃ ಅವನೂ ಹೇಳಿಲ್ಲ. ಅದನ್ನು ಕೇಳದೆ ಪೆನ್ನು ಮುಟ್ಟಬೇಡಿ.

ಪ್ರಶ್ನೆ: ನಂಗೆ 23 ವರ್ಷ. ಮೂರು ಆ್ಯಪ್‌ನಲ್ಲಿ ಸಾಲ ಇದೆ. ಅಪ್ಪ ಆಟೋ ಓಡಿಸ್ತಾರೆ. ಹೇಗೆ ಹೇಳೋದು ಗೊತ್ತಾಗ್ತಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ.
(ಶಿವಮೊಗ್ಗ)

ಉತ್ತರ: ನೋಡಪ್ಪಾ, ಮೊದಲು ನಿದ್ದೆಯ ಮಾತು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದಿದ್ದರೂ ಈ ಪುಟ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಅಪ್ಪನಿಗೆ ಇವತ್ತೇ ಹೇಳು. ವಸೂಲಿಯವರು ಹೇಳುವ ಮೊದಲು ನಿನ್ನ ಬಾಯಿಂದ ಕೇಳಲಿ. ಬೆಳಿಗ್ಗೆ ಬಾಡಿಗೆಗೆ ಹೊರಡುವ ಅವಸರದಲ್ಲಿ ಬೇಡ. ರಾತ್ರಿ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಊಟ ಮುಗಿಸಿ ಕೂತಿರುತ್ತಾರಲ್ಲ, ಆಗ ಹೇಳು. ಪೂರ್ತಿ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಕಮ್ಮಿ ಮಾಡಿ ಬರೆಯಬೇಡ. ಮಾತು ಬರದಿದ್ದರೆ ಹಾಳೆಯನ್ನೇ ಕೈಗೆ ಕೊಡು. ಬೈತಾರೆ. ಬೈದು ಮುಗಿಸಲಿ, ಎದ್ದು ಹೋಗಬೇಡ. ನನ್ನ ತಿಂಗಳ ಸಂಬಳದಲ್ಲಿ ಇಷ್ಟು ಕಟ್ಟಬಲ್ಲೆ ಎಂಬುದನ್ನೂ ಅದೇ ಹಾಳೆಯ ಕೆಳಗೆ ಬರೆದಿರು. ಅಪ್ಪ ದುಡ್ಡು ಕೊಡದೇ ಇರಬಹುದು, ಅವರ ಹತ್ತಿರ ಇರದೇ ಇರಬಹುದು. ಆದರೂ ನಾಳೆಯಿಂದ ಆ ಫೋನ್ ರಿಂಗಾದಾಗ ನೀನೊಬ್ಬನೇ ಇರುವುದಿಲ್ಲ.

ಹೇಳಿದ ಮೇಲೆ ಏನಾಯ್ತು ಅಂತ ನನಗೆ ಒಂದು ಸಾಲು ಬರೆ. ಕಾಯುತ್ತಿರುತ್ತೇನೆ.